ಮದುಮಗಳ ಫೋಟೋಗೆ ಪೋಸ್ ಐಡಿಯಾ ಎಲ್ಲಿ ಸಿಗುತ್ತದೆ?

ಮದುಮಗಳ ಫೋಟೋ ತೆಗೆಯುವವರ ಫೋನಿನಲ್ಲಿ ಒಂದು ಫೋಲ್ಡರ್ ಇದ್ದೇ ಇರುತ್ತದೆ. ಅಲ್ಲಿ ಇಲ್ಲಿ ಕಂಡ ಚಂದದ ಪೋಸ್‌ಗಳ ಸ್ಕ್ರೀನ್‌ಶಾಟ್‌ಗಳು, ನೂರಾರು. ಆ ದಿನ ಬಂದಾಗ ಫೋಲ್ಡರ್ ತೆಗೆದು, ಒಂದನ್ನು ಅವಳಿಗೆ ತೋರಿಸಿ, 'ಹೀಗೆ ನಿಂತ್ಕೊಳ್ಳಿ' ಎನ್ನುತ್ತಾರೆ. ಅವಳು ಪಾಪ ಹಾಗೇ ನಿಲ್ಲುತ್ತಾಳೆ. ಕೈ ಇರಬೇಕಾದಲ್ಲೇ ಇದೆ, ಮುಖವೂ ಅದೇ ಕಡೆ ತಿರುಗಿದೆ. ಆದರೂ ಫೋಟೋ ಹಾಗೆ ಬರುವುದಿಲ್ಲ. ಎಲ್ಲೋ ಬಿಗಿ, ಎಲ್ಲೋ ನಾಟಕ.

ತಪ್ಪು ಅವಳದ್ದಲ್ಲ. ಫೋಲ್ಡರಿನಲ್ಲಿ ಇರುವುದು ಒಂದು ಪೋಸಿನ ಕೊನೆಯ ಕ್ಷಣ ಮಾತ್ರ. ಅಲ್ಲಿಗೆ ಹೇಗೆ ತಲುಪಿದರು, ಯಾಕೆ ಚಂದ ಕಂಡಿತು ಅನ್ನುವುದು ಚಿತ್ರದೊಳಗೆ ಅಡಗಿ ಕೂತಿರುತ್ತದೆ. ಅದನ್ನು ಬಿಚ್ಚಿ ನೋಡಲು ಬಂದರೆ ಹತ್ತು ಫೋಟೋ ಸಾಕು. ಬಾರದಿದ್ದರೆ ಸಾವಿರ ಇದ್ದರೂ ಸಾಲದು.

ಫೋಟೋ ಹೇಳದೆ ಬಿಡುವ ಸಂಗತಿಗಳು

ಮೊದಲನೆಯದು ದೂರ. ಕ್ಯಾಮೆರಾ ಎಷ್ಟು ಹತ್ತಿರ ಇದೆ ಅನ್ನುವುದರ ಮೇಲೆ ಮುಖದ ಆಕಾರವೇ ಬದಲಾಗಿ ಕಾಣುತ್ತದೆ. 2018ರಲ್ಲಿ ಅಮೆರಿಕದ ಸಂಶೋಧಕರು ಇದನ್ನು ಲೆಕ್ಕ ಹಾಕಿ ತೋರಿಸಿದರು. 12 ಇಂಚು ದೂರದಿಂದ ತೆಗೆದ ಸೆಲ್ಫಿಯಲ್ಲಿ ಮೂಗು, 5 ಅಡಿ ದೂರದಿಂದ ತೆಗೆದ ಚಿತ್ರಕ್ಕಿಂತ ಸುಮಾರು ಶೇ 30ರಷ್ಟು ಅಗಲವಾಗಿ ಕಾಣುತ್ತದೆ. ಕ್ಯಾಮೆರಾಗೆ ಯಾವುದು ಹತ್ತಿರವೋ ಅದು ದೊಡ್ಡದು, ಅಷ್ಟೇ. ಮೂಗಿಗೆ ಅನ್ವಯಿಸುವುದು ಕೈಗೂ ಅನ್ವಯಿಸುತ್ತದೆ. ದೂರದ್ದನ್ನು ಹತ್ತಿರ ತೋರಿಸುವ 85 ಅಥವಾ 135 ಎಂಎಂ ಲೆನ್ಸ್ ಹಾಕಿ ದೂರ ನಿಂತು ತೆಗೆದ ಫೋಟೋದಲ್ಲಿ, ಕೆನ್ನೆಯ ಬಳಿ ಇರುವ ಕೈ ನಾಜೂಕಾಗಿ ಕಾಣುತ್ತದೆ. ಅದೇ ಪೋಸನ್ನು ಫೋನಿನಲ್ಲೋ ಅಗಲ ನೋಟದ 35 ಎಂಎಂ ಲೆನ್ಸಿನಲ್ಲೋ ಮುಖದ ಹತ್ತಿರ ಹೋಗಿ ತೆಗೆದರೆ ಅಂಗೈ ಮುಖದಷ್ಟೇ ದೊಡ್ಡದಾಗುತ್ತದೆ. ಪೋಸ್ ಕೆಟ್ಟದ್ದು ಅಂತ ನಾವು ಅಂದುಕೊಳ್ಳುತ್ತೇವೆ. ನಿಜಕ್ಕೂ ನಾವು ನಾಲ್ಕು ಹೆಜ್ಜೆ ಹಿಂದೆ ಸರಿದಿದ್ದರೆ ಸಾಕಿತ್ತು.

ಎರಡನೆಯದು ಕ್ಯಾಮೆರಾದ ಎತ್ತರ. ಮುಖದ ಕ್ಲೋಸಪ್‌ಗೆ ಕಣ್ಣಿನ ಮಟ್ಟ ಸರಿ. ತಲೆಯಿಂದ ಪಾದದವರೆಗಿನ ಫೋಟೋವನ್ನೂ ಅದೇ ಎತ್ತರದಿಂದ ತೆಗೆದರೆ ಕಾಲು ಗಿಡ್ಡವಾಗಿ, ತಲೆ ದೊಡ್ಡದಾಗಿ ಕಾಣುತ್ತದೆ. ಅಲ್ಲಿ ಸ್ವಲ್ಪ ಮಂಡಿ ಬಗ್ಗಿಸಿ, ಕ್ಯಾಮೆರಾವನ್ನು ಅವಳ ಸೊಂಟದ ಮಟ್ಟಕ್ಕೆ ತರಬೇಕು.

ಇನ್ನು ಬೆಳಕು ಯಾವ ಕಡೆಯಿಂದ ಬಂತು, ಬಟ್ಟೆ ಎಷ್ಟು ಭಾರ ಇತ್ತು, ಆ ಮದುಮಗಳ ಕತ್ತು ಎಷ್ಟು ಉದ್ದ — ಇದಾವುದೂ ಸ್ಕ್ರೀನ್‌ಶಾಟ್ ಬಾಯಿಬಿಟ್ಟು ಹೇಳುವುದಿಲ್ಲ. ನಾವೇ ಕೇಳಬೇಕು.

ಒಂದು ಚಿತ್ರವನ್ನು ಓದುವುದು

ಇಷ್ಟವಾದ ಒಂದು ಫೋಟೋ ತೆಗೆದುಕೊಳ್ಳಿ. ಮೈಯ ಭಾರ ಯಾವ ಕಾಲಿನ ಮೇಲಿದೆ? ಎದೆ ಯಾವ ಕಡೆಗಿದೆ, ಮೂಗು ಯಾವ ಕಡೆಗಿದೆ, ಕಣ್ಣು ಯಾವ ಕಡೆಗಿದೆ? ಮೂರೂ ಒಂದೇ ಕಡೆಗಿದೆಯಾ, ಬೇರೆ ಬೇರೆಯಾ? ಕೈ ಏನು ಮಾಡುತ್ತಿದೆ? ಮುಖದ ಯಾವ ಭಾಗದಲ್ಲಿ ನೆರಳಿದೆ? ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು, ಪಕ್ಕದಲ್ಲಿ ಕಡ್ಡಿ ಗೊಂಬೆಯ ಹಾಗೆ ಗೆರೆ ಎಳೆದುಕೊಳ್ಳಿ. ಚಿತ್ರ ಬಿಡಿಸಲು ಬರಬೇಕಾಗಿಲ್ಲ. ಭುಜದ ಗೆರೆ, ಸೊಂಟದ ಗೆರೆ, ಬೆನ್ನುಮೂಳೆಯ ಗೆರೆ ಇದ್ದರೆ ಸಾಕು. ಬಟ್ಟೆ, ಒಡವೆ, ಹಿನ್ನೆಲೆ ಎಲ್ಲ ಉದುರಿಹೋಗಿ ಪೋಸಿನ ಅಸ್ಥಿಪಂಜರ ಮಾತ್ರ ಉಳಿಯುತ್ತದೆ. ನೂರು ಸ್ಕ್ರೀನ್‌ಶಾಟ್ ಹೀಗೆ ಬಿಡಿಸಿದರೆ, ಏಳೆಂಟು ಅಸ್ಥಿಪಂಜರಗಳೇ ಮತ್ತೆ ಮತ್ತೆ ಬರುವುದು ಗೊತ್ತಾಗುತ್ತದೆ.

ಈ ಅಭ್ಯಾಸಕ್ಕೆ ಮದುವೆ ಫೋಟೋಗಳಿಗಿಂತ ಹಳೆಯ ವರ್ಣಚಿತ್ರಗಳೇ ಒಳ್ಳೆಯವು ಅಂತ ನನಗನ್ನಿಸುತ್ತದೆ. ಕಾರಣ ಸರಳ. ಚಿತ್ರಕಾರನಿಗೆ ಪ್ರತಿ ಬೆರಳನ್ನೂ ಬಣ್ಣದಲ್ಲಿ ಬರೆಯಬೇಕಿತ್ತು. ಆದ್ದರಿಂದ ಎಲ್ಲಿ ಏನಿರಬೇಕು ಅಂತ ಯೋಚಿಸದೆ ಬಿಟ್ಟಿರುವುದು ಕಡಿಮೆ.

ಡಚ್ ಚಿತ್ರಕಾರ ವರ್ಮೀರ್ ಸುಮಾರು 1665ರಲ್ಲಿ ಬರೆದ, ಮುತ್ತಿನ ಓಲೆ ಹಾಕಿದ ಹುಡುಗಿಯ ಚಿತ್ರವನ್ನು ನೀವು ಎಲ್ಲೋ ನೋಡಿಯೇ ಇರುತ್ತೀರಿ. ಅವಳ ಮೈ ಪಕ್ಕಕ್ಕೆ ತಿರುಗಿದೆ. ಮುಖ ಮಾತ್ರ ಭುಜದ ಮೇಲಿಂದ ನಮ್ಮ ಕಡೆ ತಿರುಗಿದೆ. ಯಾರೋ ಕರೆದರು, ಅವಳು ಈಗಷ್ಟೇ ತಿರುಗಿದಳು ಅನ್ನುವ ಹಾಗೆ. ತುಟಿ ಚೂರೇ ಚೂರು ತೆರೆದಿದೆ. ತುಟಿ ತೆರೆದರೆ ದವಡೆ ಸಡಿಲವಾಗುತ್ತದೆ, ದವಡೆ ಸಡಿಲವಾದರೆ ಇಡೀ ಮುಖ ಸಡಿಲವಾಗುತ್ತದೆ. ಬೆಳಕು ಚಿತ್ರದ ಎಡಗಡೆಯಿಂದ ಬಂದು ಮುಖದ ಮುಂಭಾಗಕ್ಕೆ ಬಿದ್ದಿದೆ. ಓಲೆ ಇರುವುದು ಕತ್ತಿನ ನೆರಳಿನಲ್ಲಿ, ಅದಕ್ಕೇ ಅದರ ಮೇಲಿನ ಹೊಳಪು ಎದ್ದು ಕಾಣುತ್ತದೆ. ಇನ್ನೊಂದು ಸಂಗತಿ: ಚಿತ್ರದಲ್ಲಿ ಕೈಗಳೇ ಇಲ್ಲ. ಕೈ ಎಲ್ಲಿಡುವುದು ಅನ್ನುವ ತಲೆನೋವನ್ನು ಫ್ರೇಮ್ ಕತ್ತರಿಸಿ ಬಗೆಹರಿಸಿದ್ದಾನೆ ಪುಣ್ಯಾತ್ಮ.

ಇದನ್ನು ಮದುಮಗಳಿಗೆ ಹೊಂದಿಸಿ ನೋಡಿ. ಓಲೆ ಚೆನ್ನಾಗಿದೆಯಾ? ಕೂದಲು ಹಿಂದೆ ಕಟ್ಟಿ ಕತ್ತು ಕಾಣುತ್ತಿದೆಯಾ? ಉಡುಪಿನ ಬೆನ್ನಿನ ಕೆಲಸ ಚಂದ ಇದೆಯಾ? ಈ ಮೂರರಲ್ಲಿ ಒಂದು ಇದ್ದರೂ ಈ ಅಸ್ಥಿಪಂಜರ ಕೆಲಸಕ್ಕೆ ಬರುತ್ತದೆ. ಅವಳಿಗೆ 'ಭುಜದ ಮೇಲಿಂದ ನೋಡಿ' ಎನ್ನಬೇಡಿ, ಕತ್ತು ತಿರುಚಿಕೊಂಡು ಬಿಡುತ್ತಾಳೆ. ಕಿಟಕಿಯ ಕಡೆ ಎರಡು ಹೆಜ್ಜೆ ನಡೆಯಲು ಹೇಳಿ, ಹಿಂದಿನಿಂದ ಹೆಸರು ಕರೆಯಿರಿ. ಮೊದಲು ಕಣ್ಣು ತಿರುಗುತ್ತದೆ, ಆಮೇಲೆ ಮುಖ, ಕೊನೆಗೆ ಭುಜ. ಭುಜ ಪೂರ್ತಿ ತಿರುಗುವ ಮೊದಲೇ ಕ್ಲಿಕ್ ಮಾಡಿ.

ಫ್ರೆಂಚ್ ಚಿತ್ರಕಾರ ಆಂಗ್ರ್ 1845ರಲ್ಲಿ ಮುಗಿಸಿದ, ಕುಲೀನ ಮನೆತನದ ಕೌಂಟೆಸ್ ದೊಸೊನ್‌ವಿಲ್ ಅವರ ಚಿತ್ರ ಇನ್ನೊಂದು ಬಗೆಯದು. ಅವಳು ಒಂದು ಬೆರಳನ್ನು ಗದ್ದದ ಕೆಳಗೆ ಹಗುರವಾಗಿ ಇಟ್ಟು ನಿಂತಿದ್ದಾಳೆ. ಹಿಂದೆ ಕನ್ನಡಿ. ಅದರಲ್ಲಿ ಅವಳ ತಲೆಯ ಹಿಂಭಾಗ, ಕೂದಲಿಗೆ ಕಟ್ಟಿದ ರಿಬ್ಬನ್ ಕಾಣುತ್ತದೆ. ಮುಖವೂ ಬಂತು, ಕೇಶಾಲಂಕಾರವೂ ಬಂತು, ಒಂದೇ ಫ್ರೇಮಿನಲ್ಲಿ. ಗಂಟೆಗಟ್ಟಲೆ ಕೂತು ಕೂದಲು ಕಟ್ಟಿಸಿಕೊಂಡವಳಿಗೆ ಇದಕ್ಕಿಂತ ಒಳ್ಳೆ ಐಡಿಯಾ ಬೇಕಾ? ನೀವು ಕನ್ನಡಿಯಲ್ಲಿ ಬೀಳದಂತೆ ಸ್ವಲ್ಪ ಓರೆಯಾಗಿ ನಿಲ್ಲಬೇಕು, ಅಷ್ಟೇ.

ಫೋಟೋಗ್ರಾಫರ್ ಇರ್ವಿಂಗ್ ಪೆನ್ 1948ರ ಹೊತ್ತಿಗೆ ತನ್ನ ಸ್ಟುಡಿಯೋದಲ್ಲಿ ಎರಡು ಫಲಕಗಳನ್ನು ಇಕ್ಕಟ್ಟಾದ ಮೂಲೆಯಾಗುವಂತೆ ಜೋಡಿಸಿ, ಹೆಸರಾಂತ ಜನರನ್ನು ಆ ಮೂಲೆಯಲ್ಲಿ ನಿಲ್ಲಿಸಿ ಫೋಟೋ ತೆಗೆದ. ಹೀಗೆ ನಿಲ್ಲಿ, ಹಾಗೆ ನಿಲ್ಲಿ ಅಂತ ಹೇಳುವ ಬದಲು ಜಾಗವೇ ಪೋಸ್ ಕೊಟ್ಟಿತು. ಒಬ್ಬರು ಗೋಡೆಗೆ ಒರಗಿದರು, ಇನ್ನೊಬ್ಬರು ಎರಡೂ ಗೋಡೆಗೆ ಕೈ ಒತ್ತಿದರು. ಖಾಲಿ ಜಾಗದ ನಡುವೆ ನಿಂತ ಮದುಮಗಳಿಗೆ ಕೈಕಾಲು ಏನು ಮಾಡುವುದೆಂದು ತೋಚದಿದ್ದರೆ ಅವಳನ್ನು ಒಂದು ಮೂಲೆಗೋ ಬಾಗಿಲ ಚೌಕಟ್ಟಿಗೋ ಕರೆದುಕೊಂಡು ಹೋಗಿ. ಒರಗಲು ಏನಾದರೂ ಸಿಕ್ಕರೆ ಮೈ ತಾನೇ ಬಾಗುತ್ತದೆ.

ಭಾರ, ಕತ್ತು, ಕೈ

ನೇರ ಎರಡೂ ಕಾಲಿನ ಮೇಲೆ ಸಮ ಭಾರ ಹಾಕಿ, ಕ್ಯಾಮೆರಾಗೆ ಎದೆಕೊಟ್ಟು ನಿಂತರೆ ಯಾರೇ ಆದರೂ ಪಾಸ್‌ಪೋರ್ಟ್ ಫೋಟೋದ ಹಾಗೇ ಕಾಣುತ್ತಾರೆ. ಭಾರವನ್ನು ಒಂದು ಕಾಲಿಗೆ ಬಿಟ್ಟ ತಕ್ಷಣ ಸೊಂಟ ಒಂದು ಕಡೆ ಏರುತ್ತದೆ, ಅದನ್ನು ಸರಿದೂಗಿಸಲು ಭುಜ ಇನ್ನೊಂದು ಕಡೆ ವಾಲುತ್ತದೆ. ಬೆನ್ನು ಮೆಲ್ಲಗೆ ಬಾಗುತ್ತದೆ. ಗ್ರೀಕ್ ಶಿಲ್ಪಿಗಳು ಇದನ್ನು ಕ್ರಿಸ್ತಪೂರ್ವ 5ನೇ ಶತಮಾನದಲ್ಲೇ ಕಲ್ಲಿಗೆ, ಕಂಚಿಗೆ ಇಳಿಸಿದ್ದರು. ಮದುಮಗಳ ವಿಷಯದಲ್ಲಿ ಭಾರ ಹಿಂದಿನ ಕಾಲಿಗೆ ಹೋಗಲಿ, ಅಂದರೆ ಕ್ಯಾಮೆರಾದಿಂದ ದೂರವಿರುವ ಕಾಲಿಗೆ. ಆಗ ಸೊಂಟ ಕ್ಯಾಮೆರಾದಿಂದ ದೂರ ಸರಿದು ಚಿಕ್ಕದಾಗಿ ಕಾಣುತ್ತದೆ. ಹತ್ತಿರ ಇದ್ದದ್ದು ದೊಡ್ಡದು ಅನ್ನುವ ಅದೇ ಲೆಕ್ಕ ಇಲ್ಲೂ.

ಕತ್ತಿನದ್ದು ವಿಚಿತ್ರ. 'ಗದ್ದ ಕೆಳಗೆ ಮಾಡಿ' ಎಂದರೆ ಎಲ್ಲರೂ ಗದ್ದವನ್ನು ಎದೆಗೆ ಒತ್ತುತ್ತಾರೆ. ಕತ್ತಿನ ಚರ್ಮ ಮಡಿಚಿ ಎರಡನೇ ಗದ್ದ ಹುಟ್ಟುತ್ತದೆ. ಅದರ ಬದಲು ಹಣೆಯನ್ನು ಸ್ವಲ್ಪ ಮುಂದಕ್ಕೆ ತರಲು ಹೇಳಿ, ಆಮೇಲೆ ಗದ್ದ ಚೂರು ಇಳಿಸಲು ಹೇಳಿ. ಮಾಡುವವರಿಗೆ ಇದು ಮುಜುಗರ ಅನ್ನಿಸುತ್ತದೆ, ಪಕ್ಕದಿಂದ ನೋಡಿದವರಿಗೆ ನಗು ಬರುತ್ತದೆ. ಮುಂದಿನಿಂದ ಮಾತ್ರ ದವಡೆಯ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಚಿತ್ರಕ್ಕೆ ಆಳ ಇಲ್ಲದ್ದರಿಂದ ಈ ಮೋಸ ನಡೆಯುತ್ತದೆ.

ಮುಖ ಎಷ್ಟು ತಿರುಗಬೇಕು ಅನ್ನುವುದಕ್ಕೂ ಒಂದು ಗುರುತಿದೆ. ಮುಖ ನಿಧಾನಕ್ಕೆ ಪಕ್ಕಕ್ಕೆ ತಿರುಗುತ್ತಾ ಹೋದಾಗ ಮೂಗಿನ ತುದಿ ಆಚೆ ಕೆನ್ನೆಯ ಅಂಚಿಗೆ ಬಂದು ತಾಗುತ್ತದೆ. ಅದನ್ನು ದಾಟಿದರೆ ಕೆನ್ನೆಯಿಂದ ಮೂಗು ಹೊರಗೆ ಚಾಚಿದ ಹಾಗೆ ಕಾಣುತ್ತದೆ. ತಾಗುವ ಮೊದಲೇ ನಿಲ್ಲಿಸಿ, ಇಲ್ಲವೇ ಪೂರ್ತಿ ಪಕ್ಕಕ್ಕೆ ಹೋಗಿಬಿಡಿ. ಕಣ್ಣುಗುಡ್ಡೆಯೂ ಹಾಗೇ. ಮೂಗು ಒಂದು ಕಡೆ, ನೋಟ ತೀರಾ ಇನ್ನೊಂದು ಕಡೆ ಇದ್ದರೆ ಬರೀ ಬಿಳಿ ಭಾಗವೇ ಕಾಣುತ್ತದೆ.

ಕೈಯ ವಿಷಯಕ್ಕೆ ಬಂದರೆ, ಹೆಚ್ಚಿನ ಪೋಸ್‌ಗಳು ಕೆಡುವುದು ಇಲ್ಲೇ. ಅಂಗೈಯೋ ಕೈಯ ಹಿಂಭಾಗವೋ ಪೂರ್ತಿ ಕ್ಯಾಮೆರಾ ಕಡೆ ಹರಡಿಕೊಂಡಿದ್ದರೆ ಅದು ಫೋಟೋದಲ್ಲಿ ಒಂದು ದೊಡ್ಡ ಚಪ್ಪಟೆ ತುಂಡು. ಕಿರುಬೆರಳಿನ ಅಂಚು ಕ್ಯಾಮೆರಾ ಕಡೆ ಇರುವಂತೆ ಮಣಿಕಟ್ಟನ್ನು ಸ್ವಲ್ಪ ತಿರುಗಿಸಿದರೆ ಅದೇ ಕೈ ಅರ್ಧದಷ್ಟು ತೆಳ್ಳಗಾಗುತ್ತದೆ. ಬೆರಳುಗಳೆಲ್ಲ ಸಾಲಾಗಿ ಅಂಟಿಕೊಂಡಿದ್ದರೂ ಚಂದವಿಲ್ಲ, ಎಲ್ಲ ಅಗಲಿಸಿಕೊಂಡಿದ್ದರೂ ಚಂದವಿಲ್ಲ. ತೋರುಬೆರಳು ತುಸು ನೇರ, ಉಳಿದವು ಒಂದರ ಹಿಂದೊಂದು ಹೆಚ್ಚು ಹೆಚ್ಚು ಬಾಗುತ್ತಾ ಹೋದರೆ ಸಹಜ. ಕೆನ್ನೆಗೋ ಕತ್ತಿಗೋ ಕೈ ತಾಗಿಸುವಾಗ ಒತ್ತಬಾರದು. ಒತ್ತಿದರೆ ಚರ್ಮ ಸರಿಯುತ್ತದೆ, ಮೇಕಪ್ ಅಂಟುತ್ತದೆ. ತಾಗಿಯೂ ತಾಗದಂತೆ ಇರಲಿ. ತೋಳನ್ನು ಮೈಗೆ ಅಂಟಿಸಿದರೆ ಅದು ಅಮುಕಿಕೊಂಡು ಅಗಲವಾಗುತ್ತದೆ. ಒಂದೆರಡು ಬೆರಳಿನಷ್ಟು ಜಾಗ ಬಿಟ್ಟು, ಮೊಣಕೈ ಹಿಂದಕ್ಕೆ ಸರಿಸಿದರೆ ತೋಳು ಮತ್ತು ಸೊಂಟದ ನಡುವೆ ಬೆಳಕು ಕಾಣುತ್ತದೆ. ಆ ಸಣ್ಣ ಸಂದಿಯಿಂದಲೇ ಸೊಂಟಕ್ಕೆ ಆಕಾರ.

ಇಷ್ಟನ್ನೆಲ್ಲ ಅವಳಿಗೆ ಪಾಠ ಮಾಡಿದರೆ ಕೆಲಸ ಕೆಟ್ಟಿತು. ಕೈಗೆ ಒಂದು ಕೆಲಸ ಕೊಡಿ. ಓಲೆ ಸರಿಪಡಿಸಿಕೊಳ್ಳಲಿ, ಬಳೆ ತಿರುಗಿಸಲಿ, ತೋಳಿನ ಗುಂಡಿ ಹಾಕಿಕೊಳ್ಳಲಿ, ಮುಸುಕಿನ ಅಂಚು ಹಿಡಿಯಲಿ. ಸುಮ್ನೆ ಮಾಡಿದ ಹಾಗೆ ನಟಿಸುವುದು ಬೇಡ, ನಿಜವಾಗಿ ಮಾಡಲಿ. ಕೆಲಸ ಮಾಡುವ ಕೈ ತನ್ನ ಆಕಾರವನ್ನು ತಾನೇ ಕಂಡುಕೊಳ್ಳುತ್ತದೆ. ಹೂಗುಚ್ಛವನ್ನು ನೋಡುತ್ತಾ ಮುಗುಳ್ನಗುವ ಪೋಸ್ ಬಗ್ಗೆ ಮಾತ್ರ ನನಗೆ ನಂಬಿಕೆಯಿಲ್ಲ. ಹೂವನ್ನು ಯಾರೂ ಅಷ್ಟು ಹೊತ್ತು ನೋಡುತ್ತಾ ನಗುವುದಿಲ್ಲ, ಅಲ್ವಾ? ಹೂಗುಚ್ಛ ಇದ್ದರೆ ಎದೆಯ ಮಟ್ಟದಿಂದ ಸೊಂಟದ ಕೆಳಗೆ ಇಳಿಸಿ. ಭುಜ ಸಡಿಲವಾಗುತ್ತದೆ, ಉಡುಪಿನ ಕೆಲಸವೂ ಕಾಣುತ್ತದೆ.

ಬೆಳಕು ಮೊದಲು, ಪೋಸ್ ಆಮೇಲೆ

ಫೋಲ್ಡರ್ ಹಿಡಿದು ಹೊರಡುವವರು ಮರೆಯುವ ದೊಡ್ಡ ಸಂಗತಿ ಇದು. ಕಿಟಕಿ ಬಲಗಡೆ ಇರುವ ಕೋಣೆಯಲ್ಲಿ, ಎಡಗಡೆಯ ಬೆಳಕಿಗೆ ಮಾಡಿದ ಪೋಸ್ ನಡೆಯುವುದಿಲ್ಲ. ತಿರುಗಿಸಿಕೊಳ್ಳಬೇಕು. ಕೋಣೆಗೆ ಕಾಲಿಟ್ಟ ಕೂಡಲೇ ಬೆಳಕು ಎಲ್ಲಿಂದ ಬರುತ್ತಿದೆ ನೋಡಿ, ಅವಳ ಮೂಗು ಆ ಕಡೆ ತಿರುಗಲಿ. ಮುಖದ ಕಿರಿದಾಗಿ ಕಾಣುವ ಭಾಗದ ಮೇಲೆ ಬೆಳಕು, ಕ್ಯಾಮೆರಾ ಕಡೆಯ ಅಗಲ ಭಾಗದಲ್ಲಿ ನೆರಳು ಬಿದ್ದರೆ ಮುಖಕ್ಕೆ ಆಳ ಬರುತ್ತದೆ, ತೆಳ್ಳಗೂ ಕಾಣುತ್ತದೆ. ಉಲ್ಟಾ ಮಾಡಿದರೆ ಮುಖ ಅಗಲವಾಗಿ ಕಾಣುತ್ತದೆ. ತೀರಾ ಸಣ್ಣ ಮುಖದವರಿಗೆ ಅದೂ ಬೇಕಾಗಬಹುದು.

ನಡು ಮಧ್ಯಾಹ್ನದ ಬಿಸಿಲಿನಲ್ಲಿ ಕಣ್ಣಿನ ಗುಳಿಗಳೆಲ್ಲ ಕಪ್ಪು. ಆಗ ನೆರಳಿನ ಅಂಚಿಗೆ ಕರೆದುಕೊಂಡು ಹೋಗಿ, ಮುಖ ಬಯಲಿನ ಕಡೆ ಇರಲಿ. ನೆರಳೇ ಇಲ್ಲದಿದ್ದರೆ ಅವಳನ್ನು ಕೂರಿಸಿ, ನೀವು ನಿಂತು ಮೇಲಿನಿಂದ ತೆಗೆಯಿರಿ. ಮುಖ ಮೇಲೆತ್ತಿದಾಗ ಬೆಳಕು ಕಣ್ಣಿಗೆ ಸಿಗುತ್ತದೆ. ಕಣ್ಣು ಮುಚ್ಚಿ ಮುಖ ಮೇಲೆತ್ತುವ ಪೋಸ್ ಅಂಥ ಬಿಸಿಲಿಗೆ ಹೇಳಿ ಮಾಡಿಸಿದ್ದು. ತೆಳು ಮುಸುಕು ಇದ್ದು ಬೆಳಕು ಹಿಂದಿನಿಂದ ಬರುತ್ತಿದ್ದರೆ, ಬೇರೆ ಐಡಿಯಾ ಹುಡುಕಲೇಬೇಡಿ. ಬಟ್ಟೆಯೇ ಬೆಳಗುತ್ತದೆ, ಅವಳು ಸುಮ್ಮನೆ ನಿಂತರೂ ಸಾಕು.

ಉಡುಪನ್ನೂ ಹೀಗೇ ಕೇಳಬೇಕು. ಅದರ ಚಂದ ಎಲ್ಲಿದೆ? ಬೆನ್ನಿನಲ್ಲಿದ್ದರೆ ಬೆನ್ನು ತೋರಿಸುವ ಪೋಸ್. ನೆಲದಲ್ಲಿ ಹರಡುವ ಅಂಚಿನಲ್ಲಿದ್ದರೆ ಮೆಟ್ಟಿಲು, ಇಲ್ಲವೇ ಎತ್ತರದಿಂದ ಕೆಳಗೆ ನೋಡುವ ಕ್ಯಾಮೆರಾ. ತೋಳಿನಲ್ಲಿದ್ದರೆ ಕೈ ಮುಖದ ಬಳಿ ಬರಲಿ. ಗಟ್ಟಿ ಬಟ್ಟೆಗೆ ನಿಶ್ಚಲ ಪೋಸ್ ಒಪ್ಪುತ್ತದೆ, ಹಗುರ ಬಟ್ಟೆಗೆ ಚಲನೆ. ಹಗುರ ಬಟ್ಟೆಯಲ್ಲಿ ಗಿರಕಿ ಹೊಡೆಸುವುದಾದರೆ ಒಂದು ಸೂಕ್ಷ್ಮ ಇದೆ. ಅವಳು ನಿಂತ ಮೇಲೂ ಬಟ್ಟೆ ಅರೆಕ್ಷಣ ಸುತ್ತುತ್ತಲೇ ಇರುತ್ತದೆ. ಮುಖ ಸ್ಥಿರ, ಬಟ್ಟೆ ಚಲಿಸುತ್ತಿದೆ — ಆ ಅರೆಕ್ಷಣವೇ ನಿಮಗೆ ಬೇಕಾದದ್ದು. ಶಟರ್, ಅಂದರೆ ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತು, 1/500 ಸೆಕೆಂಡಿಗಿಂತ ನಿಧಾನ ಬೇಡ. ಇನ್ನು ಕುರ್ಚಿಯಲ್ಲಿ ಕೂರಿಸಿದರೆ ಅಂಚಿನಲ್ಲಿ ಕೂರಿಸಿ. ಹಿಂದಕ್ಕೆ ಒರಗಿ ಕೂತರೆ ಬೆನ್ನು ಗೂನಾಗುತ್ತದೆ, ಬಟ್ಟೆ ಹೊಟ್ಟೆಯ ಬಳಿ ಗುಡ್ಡೆ ಬೀಳುತ್ತದೆ.

ಮದುಮಗಳನ್ನೇ ಕೇಳಿ

ಐಡಿಯಾಗಳ ದೊಡ್ಡ ಗಣಿ ಅವಳೇ. ಮದುವೆಗೆ ಮೊದಲು ಒಮ್ಮೆ ಮಾತಾಡಲು ಕೂತಾಗ ಪೋಸ್ ವಿಷಯ ಬಿಟ್ಟು ಅವಳನ್ನು ಗಮನಿಸಿ. ಯೋಚಿಸುವಾಗ ಕೈ ಎಲ್ಲಿಗೆ ಹೋಗುತ್ತದೆ? ನಗು ಬಂದಾಗ ಮುಖ ತಗ್ಗಿಸುತ್ತಾಳಾ, ಹಿಂದಕ್ಕೆ ಎತ್ತುತ್ತಾಳಾ? ನಿಂತಾಗ ಯಾವ ಕಾಲಿಗೆ ಭಾರ ಹಾಕುತ್ತಾಳೆ? ಒಂದು ಕೈಯಿಂದ ಇನ್ನೊಂದು ಮೊಣಕೈ ಹಿಡಿಯುವ ಅಭ್ಯಾಸ ಇದೆಯಾ? ಇದೆಲ್ಲ ಅವಳ ಸ್ವಂತ ಪೋಸ್‌ಗಳು. ಅವನ್ನೇ ಸ್ವಲ್ಪ ತಿದ್ದಿ ಬೆಳಕಿಗೆ ತಂದರೆ, ಮನೆಯವರು ಫೋಟೋ ನೋಡಿ 'ಇವಳು ಹೀಗೇ' ಅನ್ನುತ್ತಾರೆ.

ಅವಳ ಇಷ್ಟಗಳನ್ನು ಕೇಳುವಾಗ ಒಂದು ವಿಷಯ ನೆನಪಿರಲಿ. ಬಹಳ ಜನ 'ನನ್ನ ಈ ಕಡೆ ಚೆನ್ನಾಗಿಲ್ಲ' ಅನ್ನುತ್ತಾರೆ. 1977ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಪ್ರಯೋಗದಲ್ಲಿ ಹೆಣ್ಣುಮಕ್ಕಳಿಗೆ ಅವರದೇ ಫೋಟೋವನ್ನು ಎರಡು ರೀತಿ ತೋರಿಸಿದರು, ಇದ್ದ ಹಾಗೆ ಒಂದು, ಕನ್ನಡಿಯಲ್ಲಿ ಕಾಣುವ ಹಾಗೆ ತಿರುಗಿಸಿದ್ದು ಇನ್ನೊಂದು. ಅವರಲ್ಲಿ ಹೆಚ್ಚಿನವರು ಕನ್ನಡಿಯದ್ದನ್ನು ಮೆಚ್ಚಿದರು. ಅವರ ಗೆಳತಿಯರು ಇದ್ದ ಹಾಗಿನದನ್ನು ಮೆಚ್ಚಿದರು. ಯಾರಿಗೆ ಯಾವುದು ರೂಢಿಯೋ ಅದೇ ಇಷ್ಟ. ಆದ್ದರಿಂದ ಅವಳು ಬೇಡ ಎಂದ ಕಡೆಯಿಂದಲೂ ಒಂದೆರಡು ತೆಗೆದಿಡಿ, ಮನೆಯವರಿಗೆ ಅದೇ ಹಿಡಿಸಬಹುದು. ಆದರೆ ಅವಳಿಗೆ ಇಷ್ಟವಾದ ಕಡೆಯಿಂದಲೇ ಜಾಸ್ತಿ ತೆಗೆಯಿರಿ. ತಾನು ಚೆನ್ನಾಗಿ ಕಾಣುತ್ತಿದ್ದೇನೆ ಎಂಬ ಧೈರ್ಯ ಮುಖದಲ್ಲಿ ಕಾಣುತ್ತದೆ.

ಒಂದು ನಿಲುವು, ಇಪ್ಪತ್ತೇಳು ಫೋಟೋ

ಐಡಿಯಾ ಖಾಲಿಯಾಯಿತು ಅನ್ನಿಸುವುದು ಪ್ರತಿ ಸಲ ಹೊಸ ನಿಲುವಿಗೆ ಹಾರುವುದರಿಂದ. ಅವಳು ಕಿಟಕಿ ಪಕ್ಕ ಚೆನ್ನಾಗಿ ನಿಂತಿದ್ದಾಳೆ ಅಂದುಕೊಳ್ಳಿ. ಕಾಲು ಅಲ್ಲೇ ಇರಲಿ. ನೋಟ ಮೂರು ಕಡೆ ಹೋಗಬಹುದು: ಕ್ಯಾಮೆರಾಗೆ, ಕಿಟಕಿಗೆ, ತನ್ನ ಭುಜದ ಕಡೆಗೆ. ಕೈ ಮೂರು ಕಡೆ ಇರಬಹುದು: ಓಲೆಯ ಬಳಿ, ಕಿಟಕಿಯ ಚೌಕಟ್ಟಿನ ಮೇಲೆ, ಸುಮ್ಮನೆ ಇಳಿಬಿಟ್ಟು. ಫ್ರೇಮ್ ಮೂರು: ಪೂರ್ತಿ ಮೈ, ಸೊಂಟದವರೆಗೆ, ಮುಖ ಮಾತ್ರ. ಮೂರು ಮೂರಲಿ ಒಂಬತ್ತು, ಒಂಬತ್ತು ಮೂರಲಿ ಇಪ್ಪತ್ತೇಳು. ಎಲ್ಲವೂ ಚೆನ್ನಾಗಿರುವುದಿಲ್ಲ, ಆರೇಳು ಖಂಡಿತ ಇರುತ್ತವೆ. ಅವಳಿಗೂ ಒಂದೇ ಕಡೆ ನಿಂತು ರೂಢಿಯಾಗಿ ಬಿಗಿ ಕಳೆದಿರುತ್ತದೆ.

ಹೇಳುವ ಮಾತೂ ಪೋಸಿನಷ್ಟೇ ಮುಖ್ಯ. 'ಎಡಕ್ಕೆ, ಬಲಕ್ಕೆ' ಎಂದರೆ ಯಾರ ಎಡ ಅಂತ ಗೊಂದಲ. 'ಕಿಟಕಿ ಕಡೆ, ಬಾಗಿಲ ಕಡೆ' ಎಂದರೆ ಮುಗಿಯಿತು. ಅದಕ್ಕಿಂತ ಸುಲಭ, ನೀವೇ ಅವಳ ಎದುರು ನಿಂತು ಮಾಡಿ ತೋರಿಸುವುದು. ಅವಳು ಕನ್ನಡಿ ನೋಡಿದ ಹಾಗೆ ಮಾಡುತ್ತಾಳೆ. 'ಸ್ಮೈಲ್' ಎನ್ನುವ ಬದಲು ಒಮ್ಮೆ ಉಸಿರು ಪೂರ್ತಿ ಬಿಡಲು ಹೇಳಿ. ಭುಜ ಇಳಿಯುತ್ತದೆ, ತುಟಿ ಸಡಿಲವಾಗುತ್ತದೆ, ಆಮೇಲೆ ಬರುವ ನಗುವನ್ನು ಯಾರೂ ಕೇಳಿ ಪಡೆದದ್ದು ಅನ್ನುವುದಿಲ್ಲ.

ಕೊನೆಗೆ, ಆ ಏಳೆಂಟು ಕಡ್ಡಿ ಗೊಂಬೆಗಳನ್ನು ಒಂದು ಚಿಕ್ಕ ಕಾರ್ಡಿನಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಳ್ಳಿ, ಬೇಕಾದ ಕ್ರಮದಲ್ಲಿ. ಮೇಕಪ್ ಹೊಸದಾಗಿರುವಾಗ ಮುಖದ ಕ್ಲೋಸಪ್‌ಗಳು. ಆಮೇಲೆ ನಿಂತ ಪೋಸ್‌ಗಳು, ಆಮೇಲೆ ಕುರ್ಚಿ. ಗಾಳಿ, ಗಿರಕಿ, ಮುಸುಕು ಹಾರಿಸುವುದೆಲ್ಲ ಕೂದಲು ಕೆದರುವ ಕೆಲಸ, ಅದಕ್ಕಿಂತ ನಂತರ. ನೆಲದ ಮೇಲೆ ಕೂರಿಸುವ ಪೋಸ್ ಎಲ್ಲಕ್ಕಿಂತ ಕಡೆಗೆ. ಬಟ್ಟೆ ಒಮ್ಮೆ ಮುದುಡಿತು ಅಂದರೆ ಮತ್ತೆ ಎಬ್ಬಿಸಿ ನಿಲ್ಲಿಸಿದರೂ ಸುಕ್ಕು ಹೋಗುವುದಿಲ್ಲ.